ಗಾಳಿಬೋರೆಯ ಮರಳಿನ ಮೇಲೆ

ಸೌಖ್ಯಸಾಧನಗಳನ್ನು ಒಂದೊಂದಾಗಿ ಸಂಪಾದಿಸಿ ಮನೆಯನ್ನು ತುಂಬಿಕೊಂಡ ಮನುಷ್ಯನು, ಅವುಗಳಲ್ಲಿ ಯಾವುದೊಂದೂ ಇಲ್ಲದ ಸ್ಥಳವನ್ನು ಅರಸಿ ಹೊರಟು, ಆ ಇಲ್ಲದಿರುವಿಕೆಗೇ ಬೆಲೆಯನ್ನು ತೆತ್ತು, ಕೆಲವು ದಿವಸಗಳ ಮಟ್ಟಿಗೆ ಅಲ್ಲಿ ವಾಸಮಾಡಿ ಹಿಂದಿರುಗುವುದು ಈ ಕಾಲದ ಒಂದು ವಿಲಕ್ಷಣವಾದ ತೀರ್ಥಯಾತ್ರೆ. ಈ ಯಾತ್ರೆಗೆ ಪಾಶ್ಚಾತ್ಯರು ಕಂಡುಕೊಂಡಿರುವ ಕ್ಷೇತ್ರಗಳಲ್ಲಿ ಗ್ರೀಸ್ ದೇಶದ ದ್ವೀಪಗಳು ಮುಖ್ಯವಾದುವು. ಕ್ರೀಟ್ ದ್ವೀಪದ ದಕ್ಷಿಣ ತೀರದಲ್ಲಿ ಲೆಫ್ಕಾ ಓರಿ ಎಂಬ ಪರ್ವತಶ್ರೇಣಿಯು ಸಮುದ್ರಕ್ಕೆ ನೆಟ್ಟನೆ ಇಳಿದುಬಿಟ್ಟಿರುವುದರಿಂದ, ಅಲ್ಲಿಯ ಲೂತ್ರೊ ಎಂಬ ಸಣ್ಣ ಊರಿಗೆ ಇಂದಿಗೂ ಮೋಟಾರು ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೆ ಬಂಡೆಗಳ ಅಂಚಿನಲ್ಲಿ ಸಾಗುವ ಕಾಲುದಾರಿಯನ್ನು ಹಿಡಿಯಬೇಕು. ಅದರ ಸಮೀಪದಲ್ಲಿ ಗ್ಲಿಕಾ ನೆರಾ ಎಂಬ ಒಂದು ಕಡಲತೀರವುಂಟು. ಉಪ್ಪುನೀರಿನ ಅಲೆ ಬಂದು ತಾಗುವ ಉರುಟುಗಲ್ಲುಗಳ ನಡುವೆ ಕೈಯಿಂದ ಬಗೆದರೆ ಪರ್ವತದೊಳಗಿನಿಂದ ಹರಿದುಬಂದ ಸಿಹಿನೀರು ಜಿನುಗುವುದಂತೆ. ಹಾಸಿಗೆ, ನೀರು, ರೊಟ್ಟಿ, ಸ್ವಲ್ಪ ಮೀನು, ಇಷ್ಟರಲ್ಲೇ ದಿವಸವನ್ನು ಕಳೆಯುವ ಹಂಬಲದಿಂದ ಜನರು ಇಂಥ ತೀರಗಳಿಗೆ ಸಾವಿರಾರು ಮೈಲಿಗಳಿಂದ ಬರುತ್ತಾರೆ. ಸುಖವಾದಿಯೆಂಬ ಅಪಖ್ಯಾತಿಯನ್ನು ಹೊತ್ತ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನು ಕ್ರಿ.ಪೂ. 341ರಲ್ಲಿ ಜನಿಸಿದ್ದು ಇಂಥದೇ ಒಂದು ದ್ವೀಪದಲ್ಲಿ, ಸಾಮೋಸ್‌ನಲ್ಲಿ. ಮನಸ್ಸಾದಾಗ ಔತಣ ಮಾಡಿಕೊಳ್ಳಲು ತನಗೊಂದು ಕುಡಿಕೆ ಚೀಸನ್ನು ಕಳುಹಿಸಿಕೊಡಬೇಕೆಂದು ಅವನು ಮಿತ್ರನಿಗೆ ಬರೆದಿದ್ದನೆಂದು ಪ್ರಾಚೀನ ಚರಿತ್ರಕಾರರು ಹೇಳುತ್ತಾರೆ. ಅವನ ಸುಖದ ಪರಮಾವಧಿ ಅಷ್ಟು!

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಹೆಂಡತಿ ಮಕ್ಕಳೊಡನೆ ಇಂಥದೊಂದು ದ್ವೀಪಕ್ಕೆ ಹೋಗಿಬರುವ ಆಲೋಚನೆಯನ್ನು ಬಹುಕಾಲ ಪೋಷಿಸಿ, ಕಡೆಗೆ ವಿಮಾನದ ದರವನ್ನು ಕಂಡು ಕೈಬಿಟ್ಟು, "ಮಾವ, ಫೋನು ಗೀನು ಏನೂ ಇಲ್ಲದ ಜಾಗ ನಮ್ಮ ಕಡೆಯೇ ಎಲ್ಲಾದರೂ ಇದೆಯೇ?" ಎಂದು ಕೇಳಿದಾಗ, ರಾಮನಗರದ ಬಂಡೆಗಳ ನೆರಳಿನಲ್ಲಿಯೇ ವಯಸ್ಸು ಕಳೆದ ನಾನು ಉತ್ತರಕ್ಕಾಗಿ ಹೆಚ್ಚು ಯೋಚಿಸಬೇಕಾಗಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ಸೀಮೆಗಳಿಗೆ ರೇಷ್ಮೆಯುಂಟು, ರಾಗಿಯುಂಟು, ಅರಗಿನ ಬಣ್ಣದ ಬೊಂಬೆಗಳುಂಟು, 1975ರ ಒಂದು ಹಿಂದಿ ಚಲನಚಿತ್ರದ ದೆಸೆಯಿಂದ ಲೋಕಪ್ರಸಿದ್ಧವಾದ ಬೆಟ್ಟಗಳುಂಟು. ಕಡಲು ಮಾತ್ರ ಇಲ್ಲ. ಆದರೆ ದಡವಿದೆ, ಮರಳಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳ ಕಟ್ಟೆಗಳಲ್ಲಿ ತಂಗಿ, ರಾಮನಗರದ ನಡುವೆ ಹಾದು, ಕನಕಪುರವನ್ನು ಬಳಸಿ ಬರುವ ಅರ್ಕಾವತಿಯಾಗಲಿ, 1946ರಲ್ಲಿ ಕಟ್ಟಿದ ಜಲಾಶಯದಲ್ಲಿ ನಿಂತು ಚನ್ನಪಟ್ಟಣದ ಗದ್ದೆತೋಟಗಳಿಗೆ ಉಣಿಸುವ ಕಣ್ವಾ ಹೊಳೆಯಾಗಲಿ, ಈ ನಾಲ್ಕು ಸೀಮೆಗಳ ನೀರೆಲ್ಲವೂ ಕಟ್ಟಕಡೆಗೆ ಇಳಿಯುವುದು ಕಾವೇರಿಗೇ. ಆ ಕಾವೇರಿಯ ಎಡದಂಡೆಯ ಮೇಲೆ, ಕನಕಪುರ ತಾಲ್ಲೂಕಿನ ದಕ್ಷಿಣದ ಕಾಡಿನಲ್ಲಿ, ಅರ್ಕಾವತಿಯು ಬಂದು ಸೇರುವ ಸಂಗಮಕ್ಕೆ ಕೆಲವೇ ಮೈಲಿಗಳಷ್ಟು ಮೇಲ್ಗಡೆ ಗಾಳಿಬೋರೆಯೆಂಬ ಸ್ಥಳವಿದೆ. ಅಲ್ಲಿ ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಸಂಸ್ಥೆಯು, ಹೊಳೆಯ ಅಂಚಿನ ಮರಗಳ ಕೆಳಗೆ ಕೆಲವು ಡೇರೆಗಳನ್ನು ಹೂಡಿ, ಒಂದು ಶಿಬಿರವನ್ನು ನಡೆಸುತ್ತ ಬಂದಿದೆ.

ಬೆಂಗಳೂರಿನಿಂದ ಕನಕಪುರದ ಹೆದ್ದಾರಿಯನ್ನು ಹಿಡಿದು ಹೋಗುವ ಪ್ರಯಾಣಿಕನು ಹಾರೋಹಳ್ಳಿಯನ್ನು ದಾಟುವಾಗ, ತನಗೆ ತಿಳಿಯದಂತೆಯೇ, ತನ್ನ ಮನೆಯ ನಲ್ಲಿಯ ನೀರಿಗೆ ಎದುರಾಗುತ್ತಾನೆ. ಶಿವನಸಮುದ್ರಕ್ಕೆ ಮೊದಲೇ ಕಾವೇರಿಯಿಂದ ತೆಗೆದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಯಂತ್ರಾಗಾರಗಳ ಮೂಲಕ ಸುಮಾರು 100 ಕಿಲೋಮೀಟರು ದೂರಕ್ಕೆ ತಳ್ಳಿ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ನಗರಕ್ಕೆ ಕುಡಿಸುವ ಈ ಮಹಾಪ್ರಯತ್ನವು 1974ರಲ್ಲಿ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರು ನೀರು ಹೆಚ್ಚಾಗಿ ಬರುವಂತಾಗಿದೆ. ನಗರದವನು ಹೊಳೆಯನ್ನು ಅರಸಿ ಕೆಳಕ್ಕೆ ಹೋಗುತ್ತಿರುವಾಗ, ಹೊಳೆಯು ಉಕ್ಕಿನ ಕೊಳವೆಯೊಳಗೆ ಅವನ ಮನೆಯನ್ನು ಅರಸಿ ಮೇಲಕ್ಕೆ ಬರುತ್ತಿರುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಗಾಳಿಬೋರೆಯ ಏಕಾಂತವನ್ನು ಹೊಗಳುವುದು ಅರ್ಧಸತ್ಯವಾದೀತು.

ಕನಕಪುರದಾಚೆ ರಸ್ತೆ ಕಿರಿದಾಗುತ್ತದೆ. ಹಿಪ್ಪುನೇರಳೆಯ ತೋಟಗಳೂ ರಾಗಿಯ ಹೊಲಗಳೂ ಸ್ವಲ್ಪ ದೂರ ಜತೆಗೆ ಬಂದು, ದೊಡ್ಡಆಲಹಳ್ಳಿಯನ್ನು ದಾಟಿದ ಮೇಲೆ ಒಂದೊಂದಾಗಿ ಹಿಂದೆ ಉಳಿದು, ಕುರುಚಲು ಕಾಡು ಎರಡೂ ಕಡೆಯಿಂದ ರಸ್ತೆಯನ್ನು ಒತ್ತಿಕೊಂಡು ಬರುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿದ ಬಳಿಕ ಘಟ್ಟದ ಇಳಿಜಾರು. ಅದರ ತಿರುವೊಂದರಲ್ಲಿ, ಬಿದಿರು ಮೆಳೆಗಳ ಸಂದಿಯಿಂದ, ಅಡಿಯಲ್ಲಿ ಎಲ್ಲೋ ಹೊಳೆಯುವ ನೀರು ಒಮ್ಮೆ ಕಂಡು ಮರೆಯಾಗುವುದು. ಸಂಗಮದ ಸಮೀಪದಿಂದ ಗಾಳಿಬೋರೆಗೆ ಹೋಗುವುದು ಮಣ್ಣಿನ ಹಾದಿ. ನಗರದ ಕಾರು ಆ ಹಾದಿಯಲ್ಲಿ ಕುಲುಕುತ್ತ ಏಳುತ್ತ ಬೀಳುತ್ತ ಸಾಗುವಾಗ ಸೋದರಳಿಯನ ಮುಖದಲ್ಲಿ ವಾಹನದ ಬಗೆಗಿನ ಚಿಂತೆಯೂ, ಹಿಂದೆ ಕುಳಿತಿದ್ದ ಮಕ್ಕಳ ಮುಖದಲ್ಲಿ ಆನೆ ಅಡ್ಡ ಬಂದೀತೆಂಬ ಆಸೆಯೂ ಸಮಸಮವಾಗಿ ಬೆಳೆಯುತ್ತಿದ್ದುವು. ಆನೆ ಬರಲಿಲ್ಲ. ಅದರ ಲದ್ದಿ ಮಾತ್ರ ದಾರಿಯುದ್ದಕ್ಕೂ ಬಿದ್ದಿತ್ತು.

ಈ ಕಾಡು 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಿತವಾಗಿ, ಅನಂತರ ವಿಸ್ತಾರಗೊಂಡು, ಈಗ ಹೊಳೆಯ ಎರಡು ದಡಗಳಲ್ಲಿಯೂ ಸೇರಿ 1,000 ಚದರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿಕೊಂಡಿದೆ. ಎದುರು ದಡದ ಬೆಟ್ಟಗಳು ಚಾಮರಾಜನಗರ ಜಿಲ್ಲೆಗೆ ಸೇರಿದುವು. ಅವುಗಳ ಹಿಂದೆ ಮಲೆ ಮಹದೇಶ್ವರನ ಸೀಮೆ. 2004ರವರೆಗೂ ಆ ಬೆಟ್ಟಗಳ ಹೆಸರನ್ನೆತ್ತಿದರೆ ಜನರಿಗೆ ನೆನಪಾಗುತ್ತಿದ್ದುದು ಕಾಡುಗಳ್ಳ ವೀರಪ್ಪನ್ ಒಬ್ಬನೇ. ಇಂದು ಅವೇ ಬೆಟ್ಟಗಳನ್ನು ನೋಡುತ್ತ ಮಕ್ಕಳು ಚಹಾದೊಡನೆ ಬಿಸ್ಕತ್ತು ತಿನ್ನುತ್ತಾರೆ. ಒಂದು ತಲೆಮಾರಿನ ಭಯವು ಮುಂದಿನ ತಲೆಮಾರಿಗೆ ನೋಟವಾಗುವುದಕ್ಕೆ ಇಪ್ಪತ್ತು ವರ್ಷ ಸಾಕು.

ಶಿಬಿರದ ವರ್ಣನೆಯನ್ನು ಇರುವುದರಿಂದ ಆರಂಭಿಸುವುದಕ್ಕಿಂತ ಇಲ್ಲದಿರುವುದರಿಂದ ಆರಂಭಿಸುವುದೇ ಸರಿ. ದೂರದರ್ಶನವಿಲ್ಲ. ಮೊಬೈಲಿಗೆ ಸಿಗ್ನಲ್ ಹತ್ತುವುದಿಲ್ಲ. ಈಜುಕೊಳವಿಲ್ಲ, ಎದುರಿಗೆ ಅಷ್ಟು ದೊಡ್ಡ ಹೊಳೆಯಿದ್ದರೂ ಮನಬಂದಂತೆ ಅದರಲ್ಲಿ ಇಳಿಯುವ ಹಾಗಿಲ್ಲ, ಏಕೆಂದರೆ ನೀರಿನಲ್ಲಿ ಮೊಸಳೆಗಳಿವೆ, ಕಲ್ಲಿನ ಗುಂಡಿಗಳಿವೆ, ಹೊರಗೆ ಕಾಣದ ಸೆಳೆತಗಳಿವೆ, ಮುತ್ತತ್ತಿಯಲ್ಲಿಯೂ ಮೇಕೆದಾಟಿನಲ್ಲಿಯೂ ವಿನೋದಕ್ಕೆಂದು ನೀರಿಗಿಳಿದ ಎಷ್ಟೋ ಯುವಕರನ್ನು ಈ ಹೊಳೆ ಮರಳಿ ಕೊಟ್ಟಿಲ್ಲ. ಇನ್ನು ಇರುವುದೇನೆಂದರೆ, ಎರಡು ಮಂಚಗಳ ಒಂದೊಂದು ಡೇರೆ, ಅದಕ್ಕೆ ಸೇರಿದ ಸ್ನಾನಗೃಹ, ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ತೂಗುಮಂಚ, ಎಲ್ಲರೂ ಒಟ್ಟಿಗೆ ಕುಳಿತು ಊಟಮಾಡಲು ಗೋಡೆಗಳಿಲ್ಲದ ಒಂದು ಚಾವಡಿ, ಮತ್ತು ನೀರಿನವರೆಗೆ ಇಳಿದುಹೋಗುವ ಮರಳು. ಹೊಳೆಯಂಚಿನ ಮತ್ತಿಯ ಮರಗಳು ವಿಸ್ತಾರವಾದ ಕೊಂಬೆಗಳನ್ನು ನೀರಿನ ಮೇಲಕ್ಕೆ ಚಾಚಿಕೊಂಡಿವೆ. ಕರ್ನಾಟಕದಲ್ಲಿ ಬೇರೆಡೆ ಕಾಣಸಿಗುವುದು ದುರ್ಲಭವಾದ, ಬೂದುಬಣ್ಣದ ಬಾಲದ ದೊಡ್ಡ ಅಳಿಲು ಈ ಮರಗಳನ್ನೇ ಆಶ್ರಯಿಸಿಕೊಂಡು ಬಾಳುತ್ತದೆ; ಬೆಳಗಿನ ಬಿಸಿಲಿನಲ್ಲಿ ಅದು ಕೊಂಬೆಯಿಂದ ಕೊಂಬೆಗೆ ನೆಗೆಯುವುದನ್ನು ನೋಡುತ್ತಿದ್ದ ನನ್ನ ಸೋದರಳಿಯನ ಕಿರಿಯ ಮಗನು, ಚನ್ನಪಟ್ಟಣದಲ್ಲಿ ಕೊಡಿಸಿದ್ದ ಬುಗುರಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಆಡಿಸುವುದನ್ನೇ ಮರೆತು ನಿಂತಿದ್ದನು.

ಮೊದಲ ಕೆಲವು ಗಂಟೆಗಳು ಸುಲಭವಲ್ಲ. ನಗರದ ಚಿತ್ತವು ಆ ನಿಶ್ಶಬ್ದವನ್ನು ಒಂದು ಅಪರಾಧದಂತೆ ಸಂಶಯಿಸುತ್ತದೆ. ನಮ್ಮ ಪಕ್ಕದ ಡೇರೆಯಲ್ಲಿ ಇಳಿದುಕೊಂಡಿದ್ದ ಗೃಹಸ್ಥರೊಬ್ಬರು ಮಧ್ಯಾಹ್ನವೆಲ್ಲ ಒಂದು ಬಂಡೆಯ ಮೇಲೆ ಹತ್ತಿ, ತರ್ಪಣ ಬಿಡುವವರಂತೆ ಫೋನನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದು, ಸಿಗ್ನಲ್ಲಿನ ಒಂದು ಗೆರೆಯಾದರೂ ಮೂಡೀತೇ ಎಂದು ದಿಕ್ಕುದಿಕ್ಕಿಗೆ ತಿರುಗುತ್ತಿದ್ದುದನ್ನು ಕಂಡು, ನೀರಿನ ಕ್ಯಾನು ಹೊತ್ತುಕೊಂಡು ಹೋಗುತ್ತಿದ್ದ ಶಿಬಿರದ ಕೆಲಸದವನು, "ಸಿಕ್ಕಾಕಿಲ್ಲ ಸಾ. ಸಿಕ್ಕಿದ್ರೆ ನೀವ್ಯಾಕೆ ಇಲ್ಲಿಗೆ ಬರ್ತಿದ್ರಿ?" ಎಂದು ನಕ್ಕು ಮುಂದೆ ನಡೆದನು. ಆ ಗೃಹಸ್ಥರು ಮರುದಿನ ತೂಗುಮಂಚದಲ್ಲಿ ನಿದ್ರಿಸುತ್ತಿದ್ದರು. ನಿಶ್ಶಬ್ದವೆಂದೆ, ಅದೂ ಪೂರ್ಣವಾಗಿ ನಿಜವಲ್ಲ. ಹೊಳೆಯು ಕಲ್ಲುಗಳ ಮೇಲೆ ಜಾರುವ ಸದ್ದು ಹಗಲಿರುಳೂ ಇರುತ್ತದೆ. ಮೇಲ್ಗಡೆಯ ವಿದ್ಯುದಾಗಾರಗಳಿಂದ ಹೊರಬೀಳುವ ನೀರಿನ ಪ್ರಮಾಣವನ್ನು ಅನುಸರಿಸಿ ಆ ಸದ್ದೂ ಏರಿಳಿಯುತ್ತದೆ. ಶಿವನಸಮುದ್ರದಲ್ಲಿ 1902ರಿಂದಲೂ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿಕೊಟ್ಟ ನೀರು ಇದೇ. ದೂರದೂರಿಗೆ ಬೆಳಕನ್ನು ಕೊಟ್ಟು ಬಂದ ಹೊಳೆಯ ದಡದಲ್ಲಿ ನಾವು ಮಂದದೀಪವನ್ನಿಟ್ಟುಕೊಂಡು, ಕತ್ತಲೆಯೇ ಇಲ್ಲಿನ ಐಶ್ವರ್ಯವೆಂದು ಮಾತನಾಡಿಕೊಳ್ಳುತ್ತಿದ್ದೆವು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ ಇತ್ತು. ಬೇಕಾದವರಿಗೆ ಕೋಳಿಯೂ ಚಪಾತಿಯೂ ಇದ್ದುವು. ಮುದ್ದೆಯ ಮಾತು ಬಂದಾಗ ತೆಪ್ಪ ನಡೆಸುವ ಹಿರಿಯನು, "ಬಿಳಿಮೀನ್ಗೂ ಮುದ್ದೇನೇ ಆಗ್ಬೇಕು ಸಾಮಿ, ನಮ್ಮಂಗೇಯ" ಎಂದನು. ಈ ಒಂದು ಮಾತಿನ ಹಿಂದೆ ಗಾಳಿಬೋರೆಯ ಇತಿಹಾಸವೆಲ್ಲ ಅಡಗಿದೆ; ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಕಾವೇರಿಯ ಬಿಳಿಮೀನು, ಎಂದರೆ ಲೋಕವೆಲ್ಲ ಮಹಶೀರ್ ಎಂದು ಕರೆಯುವ ಮೀನು, ಸಿಹಿನೀರಿನ ಮೀನುಗಳಲ್ಲಿ ಗಜರಾಜನೆನ್ನಿಸಿಕೊಂಡದ್ದು. ಅಂಗೈಯಗಲದ ಹುರುಪೆ, ಶಂಖದ ಹುಳುವನ್ನೂ ನುಚ್ಚುಮಾಡುವ ಗಂಟಲಿನ ಹಲ್ಲು, ರಭಸದ ಪ್ರವಾಹಕ್ಕೆ ಎದುರಾಗಿ ನಿಲ್ಲುವ ಬಲ, ಬೆನ್ನಿನ ಮೇಲೆ ಎದ್ದ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನವಾದ ವ್ಯಾನ್ ಇಂಗೆನ್ ಸೋದರರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಗಾಳದ ದಾಖಲೆಗಳಲ್ಲಿ ಅದನ್ನು ಇನ್ನೂ ಯಾವ ಮಹಶೀರೂ ಮೀರಿಸಿಲ್ಲ. ಸ್ವಾತಂತ್ರ್ಯದ ಅನಂತರದ ದಶಕಗಳಲ್ಲಿ ಅಣೆಕಟ್ಟುಗಳೂ ತೋಟೆ ಸಿಡಿಸಿ ಮೀನು ಹಿಡಿಯುವ ಕ್ರೂರಪದ್ಧತಿಯೂ ಸೇರಿ ಈ ಮೀನಿನ ಸುದ್ದಿಯೇ ಅಡಗಿಹೋಗಿದ್ದಾಗ, 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಭಾರತದ ನದಿಗಳನ್ನು ಸುತ್ತಿ, ದೊಡ್ಡ ಮಹಶೀರ್ ಇನ್ನೂ ಉಳಿದಿದೆಯೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟರು. ಅವರಿಗೆ ಅದ್ಭುತವಾದ ಮೀನುಗಳು ದೊರೆತುದು ಈ ಕಾವೇರಿಯಲ್ಲಿಯೇ. ಬಳಿಕ ಹೊಳೆಯ ಒಂದು ಭಾಗವನ್ನು ದಕ್ಷಿಣ ಭಾರತ ವನ್ಯಜೀವಿ ಸಂಘವು ಗುತ್ತಿಗೆ ಹಿಡಿದು ಕಾಯತೊಡಗಿತು. ಇತ್ತ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ತೆರೆಯಿತು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ಹೊಳೆಗೇ ಬಿಡಬೇಕು.

ಆ ಕಾಲದಲ್ಲಿ ಯೂರೋಪಿನ ಶ್ರೀಮಂತರು ಸಾವಿರಾರು ಮೈಲಿ ದಾಟಿ ಬಂದು, ಈ ಡೇರೆಗಳಲ್ಲಿ ಮಲಗಿ, ಬಿಸಿಲಿನಲ್ಲಿ ಬೆಂದು, ತೆಪ್ಪದಲ್ಲಿ ದಿನವಿಡೀ ಕುಳಿತು, ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ಕಾವೇರಿಯ ಬಿಳಿಮೀನಿಗೆ ಅತ್ಯಂತ ಪ್ರಿಯವಾದ ಎರೆ ನಮ್ಮ ರಾಗಿಯೇ! ಅವರಿಗೆ ಹೊಳೆಯ ಮಡುಗಳನ್ನೂ ಮೀನಿನ ಗುಣವನ್ನೂ ಕಲಿಸಿಕೊಟ್ಟವರು ಯಾರೆಂದರೆ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹೊಳೆದಡದ ಹಳ್ಳಿಗಳ ಜನರೇ. ಮೀನನ್ನು ಕೊಂದು ಸಂತೆಯಲ್ಲಿ ಒಮ್ಮೆ ಮಾರಿದರೆ ಬರುವ ಹಣಕ್ಕಿಂತ, ಅದೇ ಮೀನನ್ನು ಮತ್ತೆ ಮತ್ತೆ ಹಿಡಿಸಿ ಮತ್ತೆ ಮತ್ತೆ ಬಿಡಿಸಿದರೆ ಬರುವ ಸಂಬಳ ಹೆಚ್ಚೆಂಬುದನ್ನು ಅವರು ಕಂಡುಕೊಂಡ ದಿನ, ಈ ಹೊಳೆಗೆ ಇಲಾಖೆಯ ಯಾವ ಆಜ್ಞೆಯಿಂದಲೂ ದೊರೆಯದಿದ್ದ ಕಾವಲು ದೊರೆಯಿತು. ಧರ್ಮೋಪದೇಶದಿಂದ ಆಗದ ಕಾರ್ಯವು ಲೆಕ್ಕಾಚಾರದಿಂದ ಆದುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮೀನಿನ ಸಂತತಿಯನ್ನು ವೃದ್ಧಿಪಡಿಸಬೇಕೆಂಬ ಸದುದ್ದೇಶದಿಂದ ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಅವು ಮಹಶೀರ್‌ಗಳೇ, ಆದರೆ ಬೇರೊಂದು ಜಾತಿಯವು, ನೀಲಿ ರೆಕ್ಕೆಯವು. ಬಂದ ನೆಂಟರು ಮನೆಯನ್ನೇ ತುಂಬಿಕೊಂಡರು; ಡುಬ್ಬದ ಬೆನ್ನಿನ ಮನೆಯೊಡೆಯನು ವರ್ಷವರ್ಷಕ್ಕೂ ಅಪರೂಪವಾಗುತ್ತ ಹೋದನು. ಗಾಳಗಾರರು ತೂಗಿ ಬರೆದಿಟ್ಟಿದ್ದ ಲೆಕ್ಕದ ಪುಸ್ತಕಗಳನ್ನು ಪರೀಕ್ಷಿಸಿದಾಗಲೇ ವಿಜ್ಞಾನಿಗಳಿಗೆ ಈ ಸತ್ಯವು ನಿಚ್ಚಳವಾಗಿ ಗೋಚರವಾದುದು. ಲೋಕಪ್ರಸಿದ್ಧವಾಗಿದ್ದರೂ ಶಾಸ್ತ್ರೀಯವಾದ ಹೆಸರು ಖಚಿತವಾಗಿರದ ಕಾವೇರಿಯ ಈ ಮೀನನ್ನು 2018ರಲ್ಲಿ ಟಾರ್ ರೆಮಾದೇವಿಯೈ ಎಂಬ ಜಾತಿಯೆಂದು ಗುರುತಿಸಲಾಯಿತು. ಅದೇ ವರ್ಷ, ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರನ್ನು ಸೇರಿಸಬೇಕಾಗಿಯೂ ಬಂದಿತು. ನಾಮಕರಣಕ್ಕೂ ಮರಣಶಯ್ಯೆಗೂ ಅಂತರವೇ ಇಲ್ಲದಂತಾಯಿತು.

ಇಷ್ಟರಲ್ಲಿ, ವನ್ಯಧಾಮದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ ಎಂಬ ಅರ್ಥವಿವರಣೆಯಿಂದ ಆ ಕ್ರೀಡೆಯು ನಿಂತುಹೋಗಿ, ಗಾಳದ ಶಿಬಿರಗಳು ಪ್ರಕೃತಿಶಿಬಿರಗಳಾದುವು. ಇದು ಒಳಿತೋ ಕೆಡುಕೋ ಎಂಬ ವಿಷಯದಲ್ಲಿ ಬಲ್ಲವರೊಳಗೇ ಎರಡು ಮತಗಳಿವೆ. ಕೊಕ್ಕೆಯಿಂದ ಬಾಯಿ ಹರಿಸಿಕೊಂಡ ಮೀನಿಗೆ ಅದು ವಿನೋದವೆನ್ನಿಸುವಂತಿರಲಿಲ್ಲವೆಂಬುದು ನಿಜ. ಆದರೆ ಹಗಲಿರುಳು ಹೊಳೆಯ ಮೇಲೆ ಕಣ್ಣಿಟ್ಟಿದ್ದ ಜನರು ಅಲ್ಲಿಂದ ಸರಿದಾಗ, ತೋಟೆಯ ಸದ್ದನ್ನು ಕೇಳುವ ಕಿವಿಗಳೂ ಕಡಿಮೆಯಾದುವೆಂಬುದು ಅಷ್ಟೇ ನಿಜ. ಕಾವಲಿಲ್ಲದ ನಿಷೇಧಕ್ಕಿಂತ ಕಾವಲಿದ್ದ ಕ್ರೀಡೆಯೇ ಮೀನಿಗೆ ಹಿತವಾಗಿತ್ತೆಂದು ನನ್ನ ಅಭಿಪ್ರಾಯ.

ಇಳಿಹೊತ್ತಿನಲ್ಲಿ ತೆಪ್ಪದಲ್ಲಿ ಕುಳಿತೆವು. ಬಿದಿರಿನ ತಟ್ಟಿಯನ್ನು ಹೆಣೆದು, ಹಿಂದೆ ಚರ್ಮವನ್ನು ಹೊದಿಸುತ್ತಿದ್ದ ಕಡೆ ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿದ ಈ ವೃತ್ತಾಕಾರದ ನೌಕೆಗೆ ಹಿಂದು ಮುಂದೆಂಬುದಿಲ್ಲ. ಹುಟ್ಟನ್ನು ಹಿಡಿದವನ ಮನಸ್ಸೇ ಅದಕ್ಕೆ ಮುಖ. ತಲೆಗೆ ವಸ್ತ್ರ ಸುತ್ತಿದ್ದ ಆ ಹಿರಿಯನು, ತೇಲುವ ಅಂಗಿಯನ್ನು ಎಲ್ಲರೂ ಕಟ್ಟಿಕೊಂಡುದನ್ನು ನೋಡಿಕೊಂಡ ಮೇಲೆಯೇ ದಡವನ್ನು ಬಿಟ್ಟು, ಮಾತಿಲ್ಲದೆ ನಡೆಸಿದನು. ನಡುಹೊಳೆಯ ಬಂಡೆಯೊಂದರ ಮೇಲೆ ಬಿಸಿಲು ಕಾಯಿಸುತ್ತಿದ್ದ ಮೊಸಳೆಯು ನಾವು ಸಮೀಪಿಸುತ್ತಲೇ, ಅವಸರವಿಲ್ಲದೆ, ನೀರಿಗೆ ಜಾರಿಕೊಂಡಿತು. ನೀರುನಾಯಿಗಳ ಒಂದು ಸಂಸಾರವು ಮರಳಿನ ಮೇಲೆ ಹೊರಳಾಡಿ, ನಮ್ಮನ್ನು ಕಂಡು ಕತ್ತೆತ್ತಿ ನಿಂತು, ಏನೋ ತಕರಾರು ನುಡಿದು ಮರೆಯಾಯಿತು. "ಇವುಕ್ಕೆ ಮಾತ್ರ ಯಾವ ಕಾಯ್ದೇನೂ ಇಲ್ಲ ಸಾಮಿ, ದಿನಾ ಬಿಳಿಮೀನೇಯ ಊಟ" ಎಂದು ಹಿರಿಯನು ಒಮ್ಮೆ ಮಾತ್ರ ಬಾಯಿಬಿಟ್ಟನು. ತಾನು ಎಳೆಯನಾಗಿದ್ದಾಗ ದೊರೆಗಳಿಗೆ, ಎಂದರೆ ಇಂಗ್ಲಿಷ್ ಗಾಳಗಾರರಿಗೆ, ಉಂಡೆ ಕಟ್ಟಿಕೊಡುತ್ತಿದ್ದುದನ್ನು ಅವನು ದಡಕ್ಕೆ ಬಂದ ಮೇಲೆ ಹೇಳಿದನು.

ಸರಳಜೀವನವನ್ನು ಕುರಿತು ಅಲ್ಲಿ ರಾತ್ರಿ ನಡೆದ ಚರ್ಚೆಯಲ್ಲಿ ನನ್ನ ಸೋದರಳಿಯನು ಬಹಳ ಉತ್ಸಾಹದಿಂದ ಭಾಗವಹಿಸಿ, ಮನುಷ್ಯನಿಗೆ ನಿಜವಾಗಿ ಬೇಕಾಗಿರುವುದು ಎಷ್ಟು ಸ್ವಲ್ಪ ಎಂದು ಪುನಃಪುನಃ ಉದ್ಗಾರ ತೆಗೆಯುತ್ತಿದ್ದನು. ಆ ಸ್ವಲ್ಪವನ್ನು ಒದಗಿಸಿದ್ದವರು ಆ ಹೊತ್ತಿಗೆ ಪಾತ್ರೆಗಳನ್ನು ತೊಳೆಯುತ್ತಿದ್ದರು. ತರಕಾರಿಯೂ ಅಕ್ಕಿಯೂ ಹಾಲೂ ಮಣ್ಣಿನ ಹಾದಿಯಲ್ಲಿ ಜೀಪಿನ ಮೇಲೆ ಬರಬೇಕು. ಕಸವು ಅದೇ ಜೀಪಿನಲ್ಲಿ ಹಿಂದಕ್ಕೆ ಹೋಗಬೇಕು. ಆನೆ ಬಂದರೆ ಎದ್ದು ನಿಂತು ಅತಿಥಿಗಳನ್ನು ಒಳಗಿರಿಸುವವನೊಬ್ಬನು ರಾತ್ರಿಯೆಲ್ಲ ಎಚ್ಚರವಿರಬೇಕು. ನಮ್ಮ ಪ್ರಾಚೀನರು ಹೇಳಿದ ವಾನಪ್ರಸ್ಥದಲ್ಲಿ ಕಾಡಿಗೆ ಹೋದವನು ಸೌದೆಯನ್ನು ತಾನೇ ಆಯ್ದುಕೊಳ್ಳುತ್ತಿದ್ದನು. ಈಗಿನ ವಾನಪ್ರಸ್ಥದಲ್ಲಿ ಆ ಕೆಲಸಕ್ಕೆ ಬೇರೆ ಜನರಿದ್ದಾರೆ. ಹಾಗೆಂದು ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಜನರಿಗೆ ಊರಿನ ಸಮೀಪದಲ್ಲಿಯೇ ದೊರೆತ ಮರ್ಯಾದೆಯ ಉದ್ಯೋಗವಿದು. ತನ್ನ ಸರಳತೆಯು ಇತರರ ದುಡಿಮೆಯಿಂದ ನಿರ್ಮಿತವಾದುದೆಂಬ ಅರಿವು ಅತಿಥಿಗಿದ್ದರೆ, ಬಿಸಿನೀರು ತಡವಾಯಿತೆಂದು ಬೆಳಿಗ್ಗೆ ದನಿಯೇರಿಸುವ ಪ್ರಸಂಗಗಳು ಕಡಿಮೆಯಾಗುತ್ತವೆ ಎಂದಷ್ಟೇ ನನ್ನ ಹೇಳಿಕೆ. ಅಂಥ ಪ್ರಸಂಗಕ್ಕೆ ನಾನು ಅಲ್ಲಿಯೇ ಸಾಕ್ಷಿಯಾದೆ.

ಮರಳಿ ಹೊರಟ ದಿನ ಸಂಗಮದಲ್ಲಿ ಇಳಿದೆವು. ಅಲ್ಲಿ ಎರಡು ನೀರುಗಳು ಕೂಡುತ್ತವೆ. ಅವುಗಳ ಬಣ್ಣವೂ ಒಂದಲ್ಲ, ವಾಸನೆಯೂ ಒಂದಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಕಲ್ಮಷವನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ನೊರೆಯಿಂದ ತುಂಬಿ, ವೃಷಭಾವತಿಯು ಅರ್ಕಾವತಿಗೆ ಬಂದು ಬೀಳುತ್ತದೆ. ಆ ನೀರು ಹಾರೋಬೆಲೆಯ ಜಲಾಶಯವನ್ನೂ ಚುಂಚಿಯ ಜಲಪಾತವನ್ನೂ ಹಾದು ಇಲ್ಲಿಗೆ ಬಂದು ಕಾವೇರಿಯೊಡನೆ ಒಂದಾಗುತ್ತದೆ. ಮಾಗಡಿಯಲ್ಲಿಯೂ ರಾಮನಗರದಲ್ಲಿಯೂ ಹಿಂದಿನವರು ಎರಡು ಕೈಗಳಿಂದ ಬಾಚಿ ಕುಡಿಯುತ್ತಿದ್ದ ಹೊಳೆಯ ಇಂದಿನ ಸ್ಥಿತಿ ಇದು. ಈಗ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿ ನೋಡಿ. ಕಾವೇರಿಯಿಂದ ನಗರವು ನೀರನ್ನು ಎತ್ತಿಕೊಳ್ಳುವುದು ಶಿವನಸಮುದ್ರದ ಮೇಲೆ. ಆ ನೀರಿನ ಒಂದು ಭಾಗವನ್ನು ಬಳಸಿ, ಕೆಡಿಸಿ, ಹಿಂದಕ್ಕೆ ಕೊಡುವುದು ಸಂಗಮದಲ್ಲಿ. ಗಾಳಿಬೋರೆಯಿರುವುದು ಈ ಎರಡರ ನಡುವಣ ತುಣುಕಿನಲ್ಲಿ. ಅಲ್ಲಿಯ ಏಕಾಂತವೆಂಬುದು, ನಗರವು ತೆಗೆದುಕೊಂಡ ಜಾಗಕ್ಕೂ ಎಸೆದ ಜಾಗಕ್ಕೂ ಮಧ್ಯೆ, ಅದರ ಕೈ ಇನ್ನೂ ತಾಗದಿರುವ ಕೆಲವು ಹರದಾರಿಗಳ ದಡ. ಮೋಟಾರು ರಸ್ತೆಯಿಲ್ಲದ ಲೂತ್ರೊವನ್ನು ಪರ್ವತವೇ ಕಾಯುತ್ತದೆ; ಗಾಳಿಬೋರೆಯನ್ನು ಕಾಯುತ್ತಿರುವುದು ಒಂದು ಸರ್ಕಾರಿ ಅಧಿಸೂಚನೆ ಮತ್ತು ಆನೆಗಳ ಭಯ.

ಆ ತುಣುಕೂ ಎಷ್ಟು ಕಾಲ ಉಳಿದೀತೆಂಬ ಪ್ರಶ್ನೆಯಿದೆ. ಸಂಗಮದಿಂದ ಸ್ವಲ್ಪ ಕೆಳಗೆ ಹೊಳೆಯು ಬಂಡೆಗಳ ಇರುಕಿನಲ್ಲಿ ನುಗ್ಗುವ ಮೇಕೆದಾಟಿನ ಬಳಿ ಸುಮಾರು 67 ಟಿ.ಎಂ.ಸಿ. ನೀರನ್ನು ನಿಲ್ಲಿಸಿ, 400 ಮೆಗಾವಾಟ್ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ, ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸುವ ಸಮತೋಲನ ಜಲಾಶಯದ ಯೋಜನೆಯು ರಾಜ್ಯದ ಮುಂದಿದೆ. ಅದಕ್ಕಾಗಿ 2022ರ ಜನವರಿಯಲ್ಲಿ ಇದೇ ಸಂಗಮದಿಂದ ಪಾದಯಾತ್ರೆ ಹೊರಟಿತು. ಅದನ್ನು ವಿರೋಧಿಸಿ ತಮಿಳುನಾಡು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಎರಡು ರಾಜ್ಯಗಳ ವಾದದಲ್ಲಿ ಸಾಮಾನ್ಯವಾಗಿ ಕಾಣಿಸದಿರುವ ಒಂದು ವಿಷಯವೆಂದರೆ, ಕಟ್ಟೆ ಎದ್ದರೆ ಸಂಗಮವೂ, ಅದರ ಮೇಲ್ಗಡೆಯ ದಡದ ಮತ್ತಿಯ ಮರಗಳೂ, ಅವುಗಳೊಡನೆ ಆ ಬೂದು ಅಳಿಲೂ, ವನ್ಯಧಾಮದ ಸಾವಿರಾರು ಎಕರೆ ಕಾಡೂ ನೀರಿನಡಿಗೆ ಹೋಗುತ್ತವೆ ಎಂಬುದು. ಬಿಳಿಮೀನಿಗೆ ಬೇಕಾಗಿರುವುದು ಹರಿಯುವ ನೀರು, ಕಲ್ಲಿನ ಮೇಲೆ ಸಿಡಿಯುವ ನೀರು, ನಿಂತ ನೀರಲ್ಲ.

ಬರಗಾಲವನ್ನು ಕಂಡ ಸೀಮೆಯವನಾದ ನಾನು ಕುಡಿಯುವ ನೀರಿನ ಬೆಲೆಯನ್ನು ಅರಿಯದೆ ಈ ಮಾತನ್ನು ಆಡುತ್ತಿಲ್ಲ. ಬೋರಿನಲ್ಲಿ ಗಾಳಿ ಬರುವುದನ್ನು ಕೇಳಿದವರಿಗೆ ಅಳಿಲಿನ ಚಿಂತೆ ಹಾಸ್ಯಾಸ್ಪದವಾಗಿ ತೋರುವುದೂ ಸಹಜವೇ. ಆದರೂ ಕೇಳಬೇಕಾದುದನ್ನು ಕೇಳಬೇಕು: ಈಗಾಗಲೇ ಎತ್ತಿಕೊಂಡಿರುವ ನೀರನ್ನು ಶುದ್ಧಮಾಡಿ ಮರಳಿ ಬಳಸುವ ಶ್ರಮವನ್ನು ಪೂರ್ತಿಯಾಗಿ ವಹಿಸದ ನಗರವು, ಹೊಸ ನೀರನ್ನು ಕೇಳುವುದರಲ್ಲಿ ನ್ಯಾಯವೆಷ್ಟು? 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಡುವ ತೀರ್ಮಾನವಾಯಿತು. ಹೆಸರನ್ನು ಕಳುಹಿಸಿಕೊಟ್ಟ ಊರು, ಅದರೊಡನೆ ಸ್ವಲ್ಪ ಹೊಣೆಯನ್ನೂ ಕಳುಹಿಸಿಕೊಡಬಹುದಾಗಿತ್ತು.

ಗಾಳಿಬೋರೆಗೆ ಹೋಗಬೇಕೆನ್ನುವವರು ಮಳೆಗಾಲವು ಕಳೆದು ಹೊಳೆ ತಿಳಿಯಾದ ಮೇಲೆ ಹೋಗುವುದು ಒಳ್ಳೆಯದು; ಮುಂಗಡವಾಗಿ ಸ್ಥಳವನ್ನು ಗೊತ್ತುಪಡಿಸಿಕೊಂಡು, ಕತ್ತಲಾಗುವುದಕ್ಕೆ ಮೊದಲೇ ಕಾಡಿನ ಹಾದಿಯನ್ನು ಮುಗಿಸಬೇಕು; ಹಾಡಿನ ಪೆಟ್ಟಿಗೆಯನ್ನೂ ಮದ್ಯದ ಸೀಸೆಯನ್ನೂ ಮನೆಯಲ್ಲಿಯೇ ಬಿಟ್ಟು ಹೋಗಬೇಕು; ತೆಪ್ಪದವನ ಮಾತನ್ನು ಮೀರಿ ನೀರಿಗಿಳಿಯಬಾರದು. ಹಿಂದಿರುಗುವಾಗ ದಯವಿಟ್ಟು ಸಂಗಮದಲ್ಲಿ ಕಾಲು ಗಂಟೆ ನಿಂತು, ಅರ್ಕಾವತಿಯು ಬಂದು ಬೀಳುವ ಮೂಲೆಯನ್ನು ನೋಡಿ. ಆಮೇಲೆ ನಿಮ್ಮ ಬಡಾವಣೆಯ ಕೊಳಚೆ ನೀರು ಯಾವ ಶುದ್ಧೀಕರಣ ಕೇಂದ್ರಕ್ಕೆ ಹೋಗುತ್ತದೆ, ಆ ಕೇಂದ್ರ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ನಿಮ್ಮ ವಾರ್ಡಿನ ಅಧಿಕಾರಿಗಳಿಗೆ ಒಂದು ಅರ್ಜಿ ಬರೆದು ಕೇಳಿ.